ಮೂರನೇ ಬೀದಿಯ ಎಂಟು ಅಡಿ

ಆಗಸ್ಟ್ ತಿಂಗಳ ಕೊನೆಯ ಗುರುವಾರ, ಸಂಜೆ ಐದೂವರೆ. ಮೆಕ್ಕೆಜೋಳದ ಗರಿಗಳು ಬುಡದಿಂದ ಹಳದಿಯಾಗತೊಡಗಿದ್ದವು. ನಮ್ಮ ಅಯೋವಾದಲ್ಲಿ ಆ ದಿನಗಳಲ್ಲಿ ಸಂಜೆ ಊಟದ ಹೊತ್ತಿಗೂ ಬಿಸಿಲು ಚುರುಕಾಗಿಯೇ ಇರುತ್ತದೆ. ಕರ್ಟಿಸ್ ಪುರಸಭೆಯ ಪಿಕಪ್ ಗಾಡಿಯನ್ನು ಹಿತ್ತಲಿಗೆ ತಂದು ನಿಲ್ಲಿಸಿದ. ಹಿಂದುಗಡೆ ಹದಿನಾಲ್ಕು ಫಲಕಗಳು ಬಿದ್ದಿದ್ದವು. ಎಲ್ಲವೂ ಮನೆಯ ಹಳೆ ಸಾಮಾನನ್ನು ಗ್ಯಾರೇಜಿನಲ್ಲಿಟ್ಟು ಮಾರುವ ಗ್ಯಾರೇಜ್ ಸೇಲಿನವು, ರಟ್ಟಿನ ಮೇಲೆ ಬರೆದು ತಂತಿಯ ಕಾಲು ಚುಚ್ಚಿದ್ದವು. ಅವುಗಳಲ್ಲಿ ಐದು ಒಂದೇ ಕೈಬರಹದವು, ಮತ್ತು ಆ ಕೈಬರಹ ಅವನ ಹೆಂಡತಿ ಜನೆಲ್‌ಳದು.

ನಾನು ಆನ್ಸೆಲ್, ಕರ್ಟಿಸನ ತಾಯಿ ಗೆರ್ಡಾಳ ಅಣ್ಣ. ಆರನೇ ತರಗತಿಗೆ ಶಾಲೆ ಬಿಟ್ಟವನು. ನಲವತ್ತು ವರ್ಷ ಊರಿನ ಧಾನ್ಯದ ಕಣಜದಲ್ಲಿ ದುಡಿದೆ, ಮದುವೆಯಾಗಲಿಲ್ಲ. ಈಗ ತಂಗಿಯ ಮನೆಯಲ್ಲಿ ಅಡುಗೆಮನೆಯ ಹಿಂದಿನ ಕೋಣೆ ನನ್ನದು. ಆ ಕೋಣೆಗೆ ಬಾಗಿಲಿಲ್ಲ, ಪರದೆ ಮಾತ್ರ. ಹಾಗಾಗಿ ಮನೆಯಲ್ಲಿ ಯಾರು ಏನು ಅಂದರೂ ನನಗೆ ಕೇಳಿಸುತ್ತದೆ.

ಊಟಕ್ಕೆ ಹಂದಿಮಾಂಸದ ಹುರಿದ ತುಂಡುಗಳು, ಬೇಯಿಸಿದ ಜೋಳದ ತೆನೆ, ಟೊಮೇಟೊ ಹೋಳು. ಕರ್ಟಿಸ್ ಕೈ ತೊಳೆದು ಬಂದು ಕುಳಿತ. ಜನೆಲ್ ತೆನೆಯ ತಟ್ಟೆಯನ್ನು ಅವನ ಮುಂದೆ ಇಟ್ಟವಳು ಕೈ ತೆಗೆಯಲಿಲ್ಲ.

“ನಮ್ಮ ಅಂಗಳದಲ್ಲಿದ್ದ ಬೋರ್ಡ್ ಕಿತ್ಯಾ?”

“ಕಿತ್ತೆ.”

“ಅದು ನಡೀನ್‌ದು. ನಾನೇ ಬರೆದುಕೊಟ್ಟಿದ್ದು. ನಾನೇ ನೆಟ್ಟಿದ್ದು.”

“ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ? ಸೇಲು ಯಾವ ಮನೇಲೋ ಬೋರ್ಡೂ ಆ ಮನೆ ಅಂಗಳದಲ್ಲೇ ಇರ್ಬೇಕು. ಬೇರೆಯವರ ಅಂಗಳದಲ್ಲಿ ಇಡೋ ಹಾಗಿಲ್ಲ. ಕಂಬಕ್ಕೆ ಹೊಡೆಯೋ ಹಾಗಿಲ್ಲ, ಊರಿನ ಜಾಗದಲ್ಲಿ ನೆಡೋ ಹಾಗಿಲ್ಲ. ಮೇ ತಿಂಗಳಿಂದ ಇದೇ ನಿಯಮ.”

“ನಡೀನ್ ಇರೋದು ರೈಲು ಹಳಿ ಆಚೆ, ಗಾಲಿಮನೆಗಳ ಸಾಲಲ್ಲಿ. ಅಲ್ಲಿ ಬೋರ್ಡ್ ನೆಟ್ರೆ ನೋಡೋರು ಯಾರು, ನಾಯಿಗಳಾ?”

ಹದಿನಾರರ ಮಗಳು ಕಾರ್ಲಿ ನಕ್ಕಳು. “ನಾಯಿಗಳೂ ಆ ಕಡೆ ಹೋಗಲ್ಲ ಅಮ್ಮ.”

ಗೆರ್ಡಾ ತೆನೆಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ನನ್ನ ಅಂಗಳದಲ್ಲಿ ಬೋರ್ಡ್ ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ. ಸರಿ, ಉಪ್ಪು ಕೊಡಿ.”

ಆ ‘ನನ್ನ ಅಂಗಳ’ ಅನ್ನುವ ಮಾತು ಜನೆಲ್‌ಗೆ ತಾಗಿತು. ಹತ್ತೊಂಬತ್ತು ವರ್ಷದಿಂದ ಅದೇ ಅಂಗಳದ ಹುಲ್ಲು ಕತ್ತರಿಸುತ್ತಿದ್ದವಳು ಅವಳು. ಆದರೂ ಉಪ್ಪು ಕೊಟ್ಟಳು.

ಸೆಪ್ಟೆಂಬರಿನ ಎರಡನೇ ಸೋಮವಾರ ಪುರಸಭೆಯ ಸಭೆಗೆ ಜನೆಲ್ ಹೋದಳು. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ, ತಲೆಗೆ ಕಟ್ಟುವ ಬಲೆಯನ್ನೂ ಬಿಚ್ಚದೆ ಹೋಗಿದ್ದಳಂತೆ. ರಸ್ತೆಗೆ ಮುಖವಿಲ್ಲದ ಮನೆಯವರು ಬೇರೆ ಕಡೆ ಒಂದು ಫಲಕ ಇಡಲು ಬಿಡಿ ಎಂದು ಕೇಳಿದಳು. ವೆಂಡೆಲ್ ಡಿರ್ಕ್ಸ್ ಹನ್ನೆರಡು ವರ್ಷದಿಂದ ಪುರಸಭೆಯ ಸದಸ್ಯ, ಮೊಳೆ ಸುತ್ತಿಗೆಯ ಅಂಗಡಿಯವನು. ಅವನು ಒಳ್ಳೆಯ ಮಾತಿನಲ್ಲೇ ಅಂದನಂತೆ: “ನೋಡಮ್ಮ, ಊರು ತಿಪ್ಪೆ ಥರ ಕಾಣ್ಬಾರ್ದು ಅಂತ ಮಾಡಿದ ನಿಯಮ ಇದು. ಬದಲಾಯಿಸ್ಬೇಕು ಅನ್ನಿಸಿದ್ರೆ ಈ ಕಡೆ ಕುರ್ಚಿಗೆ ಬಾ.”

ಜನೆಲ್ ಅದನ್ನು ಮಾತಿಗೆ ಅಂದದ್ದು ಎಂದುಕೊಳ್ಳಲಿಲ್ಲ. ಎರಡು ದಿನದಲ್ಲಿ ಗಾಲಿಮನೆಗಳಲ್ಲೂ ಶಾಲೆಯಲ್ಲೂ ಬೇಕಾದಷ್ಟು ಸಹಿ ಕೂಡಿಸಿ, ಬುಧವಾರ ನವೆಂಬರಿನ ಚುನಾವಣೆಗೆ ಅರ್ಜಿ ಕೊಟ್ಟು ಬಂದಳು. ವೆಂಡೆಲ್‌ನ ಸ್ಥಾನಕ್ಕೇ.

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೆರ್ಡಾಗೆ ಗೊತ್ತಾದದ್ದು ಗುರುವಾರ, ಕೂದಲು ಸೆಟ್ ಮಾಡಿಸಿಕೊಳ್ಳಲು ಹೋದಲ್ಲಿ, ಡ್ರೈಯರಿನ ಕೆಳಗೆ ಕುಳಿತಿದ್ದಾಗ. ಪಕ್ಕದ ಕುರ್ಚಿಯವಳು “ನಿಮ್ಮ ಸೊಸೆ ಭಾರಿ ಜೋರು” ಎಂದು ಕೂಗಿ ಹೇಳಿದ್ದಳು. ಯಂತ್ರದ ಸದ್ದಿಗೆ ಕೂಗಲೇಬೇಕಿತ್ತು. ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಗೆರ್ಡಾ ಮನೆಗೆ ಬಂದು ಆಲೂಗಡ್ಡೆ ಸುಲಿಯಲು ಕುಳಿತಳು. ಸಿಪ್ಪೆ ದಪ್ಪದಪ್ಪ ಬೀಳುತ್ತಿತ್ತು. ಕರ್ಟಿಸ್ ಒಳಗೆ ಬಂದ ಕೂಡಲೇ ಕೇಳಿದಳು.

“ನಿಂಗೆ ಗೊತ್ತಿತ್ತಾ?”

“ಇವತ್ತು ಬೆಳಿಗ್ಗೆ ಕಚೇರೀಲಿ ಗೊತ್ತಾಯ್ತು ಅಮ್ಮ.”

“ನಿನ್ನಪ್ಪನ ಶವಪೆಟ್ಟಿಗೆ ಹೊತ್ತ ಆರು ಜನರಲ್ಲಿ ವೆಂಡೆಲ್ ಒಬ್ಬ. ಬಲಗಡೆ, ಮುಂದೆ. ನೆನಪಿದೆಯಾ?”

“ನೆನಪಿದೆ.”

“ಅವಳಿಗೆ ನೆನಪಿಲ್ಲ.”

“ಅವಳಿಗೂ ನೆನಪಿದೆ ಅತ್ತೆ,” ಎಂದು ಬಾಗಿಲಲ್ಲಿ ನಿಂತು ಜನೆಲ್ ಹೇಳಿದಳು. ಕೈಯಲ್ಲಿ ಹಾಲಿನ ಕ್ಯಾನು ಇತ್ತು. “ವೆಂಡೆಲ್ ಮೇಲೆ ನಂಗೇನೂ ಇಲ್ಲ. ಅವನು ಕರೆದ, ನಾನು ಹೋದೆ.”

ಗೆರ್ಡಾ ಚಾಕು ಕೆಳಗಿಟ್ಟು ಪಾತ್ರೆಯನ್ನು ನನ್ನ ಕಡೆ ತಳ್ಳಿದಳು. ಉಳಿದ ಆಲೂಗಡ್ಡೆ ನಾನು ಸುಲಿದೆ.

ನಮ್ಮೂರಲ್ಲಿ ಚುನಾವಣೆಯ ಫಲಕ ನೆಡುವುದಕ್ಕೂ ನಿಯಮವಿದೆ. ಮತದಾನಕ್ಕೆ ನಲವತ್ತೈದು ದಿನ ಮುಂಚೆ ನೆಡಬಹುದು, ಮುಗಿದ ಏಳು ದಿನದೊಳಗೆ ತೆಗೆಯಬೇಕು. ನಿವೇಶನದ ಮಾಲೀಕರು ಒಂದು ಚೀಟಿಗೆ ಸಹಿ ಹಾಕಿ ಒಪ್ಪಿಗೆ ಕೊಟ್ಟಿರಬೇಕು. ಮಾಲೀಕರು ಅಂದರೆ ಅಲ್ಲಿ ವಾಸ ಇರುವವರಲ್ಲ, ಪತ್ರದಲ್ಲಿ ಹೆಸರಿರುವವರು. ನಮ್ಮ ಮನೆಯ ಪತ್ರದಲ್ಲಿ ಇದ್ದದ್ದು ಗೆರ್ಡಾಳ ಹೆಸರೊಂದೇ.

ನಲವತ್ತೈದನೇ ದಿನ ಒಂದು ಶನಿವಾರ ಬಿತ್ತು. ಬೆಳಿಗ್ಗೆ ಏಳಕ್ಕೆ ಗೆರ್ಡಾ ಮನೆಗೌನಿನ ಮೇಲೆ ಕೋಟು ಹಾಕಿಕೊಂಡು, ರಬ್ಬರ್ ಸುತ್ತಿಗೆ ಹಿಡಿದು, ಕಾಲುದಾರಿಯಿಂದ ಎರಡು ಹೆಜ್ಜೆ ಒಳಗೆ, ಮೇಪಲ್ ಮರದ ಪಕ್ಕ ವೆಂಡೆಲ್ ಡಿರ್ಕ್ಸ್‌ನ ಫಲಕ ಹೊಡೆದಳು. ಹಸಿರು ಬಣ್ಣದ್ದು. ಅವಳು ಸುತ್ತಿಗೆ ಒರೆಸುವಷ್ಟರಲ್ಲಿ ಜನೆಲ್ ತನ್ನ ನೀಲಿ ಫಲಕ ಹಿಡಿದು ಹೊರಗೆ ಬಂದಳು. ‘ಜನೆಲ್ ಹಾರ್ಮ್ಸ್’ ಎಂದು ಬರೆದಿತ್ತು. ಹಾರ್ಮ್ಸ್ ಅನ್ನುವುದು ಗೆರ್ಡಾಳ ಗಂಡನ ಮನೆಯ ಹೆಸರು.

“ಅತ್ತೆ, ಆ ಕಡೆ ಮೂಲೇಲಿ ನಂದೊಂದು ಇರ್ಲಿ. ನೀವು ನಿಮ್ಮದನ್ನ ಇಟ್ಕೊಳ್ಳಿ.”

“ಒಂದೇ ಅಂಗಳದಲ್ಲಿ ಎರಡು ಬೋರ್ಡಾ? ಊರು ನಗುತ್ತೆ.”

“ಈಗ ನಗ್ತಿಲ್ವಾ? ಸೊಸೆ ನಿಂತಿದಾಳೆ, ಮನೆ ಮುಂದೆ ಎದುರಾಳಿ ಬೋರ್ಡು.”

“ನನ್ನ ಅಂಗಳ, ನನ್ನ ಸಹಿ.”

“ಹಾಗಾದ್ರೆ ನಂದು ಯಾವುದು? ಹೇಳಿ. ಪಾತ್ರೆ ತೊಳೆಯೋ ತೊಟ್ಟಿನಾ?”

ಗೆರ್ಡಾ ಒಳಗೆ ಹೋದಳು. ಜನೆಲ್ ಕಾಲುದಾರಿ ದಾಟಿ, ಕಾಲುದಾರಿಗೂ ರಸ್ತೆಯಂಚಿನ ಸಿಮೆಂಟಿಗೂ ನಡುವೆ ಇರುವ ಹುಲ್ಲಿನ ಪಟ್ಟೆಯಲ್ಲಿ ಫಲಕ ಚುಚ್ಚಿದಳು. ಆ ಪಟ್ಟೆ ಊರಿನದು. ಕತ್ತರಿಸುವವರು ಮನೆಯವರಾದರೂ ಜಾಗ ಊರಿನದು ಎಂದು ಮಕ್ಕಳಿಗೂ ಗೊತ್ತು.

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಕರ್ಟಿಸ್ ಅದನ್ನು ಕಿತ್ತ. ಹೆಂಡತಿ ಶಾಲೆಗೆ ಹೋದ ಮೇಲೆ, ಪುರಸಭೆಯ ಜಾಕೀಟು ಹಾಕಿಕೊಂಡು. ಮೂರನೇ ಬೀದಿಯಲ್ಲಿ ಅಂಥವು ಬೇರೆ ಎರಡು ಇದ್ದವು, ಅವನ್ನೂ ಕಿತ್ತ.

ಕಿತ್ತ ಫಲಕಗಳನ್ನು ಎರಡು ತಿಂಗಳು ನೀರಿನ ಟ್ಯಾಂಕಿನ ಕೆಳಗಿನ ಶೆಡ್ಡಿನಲ್ಲಿ ಇಡುತ್ತಾರೆ. ಬೇಕಾದವರು ಹೋಗಿ ಪುಸ್ತಕದಲ್ಲಿ ಸಹಿ ಹಾಕಿ ತರಬಹುದು. ಜನೆಲ್ ಮಂಗಳವಾರ ಮಧ್ಯಾಹ್ನ ಹೋದಳು. ನನ್ನ ಕಣ್ಣಿನ ಔಷಧಿ ತರಬೇಕಿತ್ತು, ಹಾಗಾಗಿ ನಾನೂ ಕಾರಿನಲ್ಲಿದ್ದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಕರ್ಟಿಸ್ ಮೇಜಿನ ಹಿಂದೆ ಪುಸ್ತಕ ತೆರೆದು ಕುಳಿತಿದ್ದ. ಪಕ್ಕದಲ್ಲಿ ಬೇರೆ ಇಬ್ಬರು ನೌಕರರು ಹುಲ್ಲಿನ ಯಂತ್ರ ಬಿಚ್ಚುತ್ತಿದ್ದರು.

“ಹೆಸರು?” ಎಂದ ಕರ್ಟಿಸ್.

“ನಿಂಗೆ ಗೊತ್ತಿಲ್ವಾ?”

“ಪುಸ್ತಕಕ್ಕೆ ಬೇಕು ಜನೆಲ್. ಎಲ್ಲರನ್ನೂ ಕೇಳ್ತೀನಿ.”

“ಜನೆಲ್ ಹಾರ್ಮ್ಸ್.”

“ವಿಳಾಸ?”

ಜನೆಲ್ ಅವನನ್ನು ನೋಡಿದಳು. ಯಂತ್ರ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು.

“ಅದನ್ನ ನೀನು ನಿಮ್ಮಮ್ಮನ್ನ ಕೇಳಿ ಬರ್ಕೋ,” ಎಂದು ಫಲಕ ಬಗಲಿಗೆ ಹಾಕಿಕೊಂಡು ಬಂದಳು. ಸಹಿ ಹಾಕಲಿಲ್ಲ. ಕರ್ಟಿಸ್ ತಡೆಯಲೂ ಇಲ್ಲ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ವಿಳಾಸದ ಜಾಗ ಖಾಲಿಯೇ ಉಳಿಯಿತು.

ಮಾರನೆಯ ದಿನದಿಂದ ಕರ್ಟಿಸನ ಊಟದ ಡಬ್ಬಿ ಖಾಲಿ. ಜನೆಲ್ ಕಾರ್ಲಿಗೆ ಕಟ್ಟಿದಳು, ನನಗೆ ಸೂಪು ಮಾಡಿಟ್ಟಳು, ಅತ್ತೆಯ ಕಾಫಿಯನ್ನೂ ಎಂದಿನಂತೆ ಸೋಸಿದಳು. ಗಂಡನ ಡಬ್ಬಿಯನ್ನು ಮಾತ್ರ ತೊಳೆದು ಬೋರಲು ಹಾಕಿಟ್ಟಳು. ಅವನು ನಿಂತುಕೊಂಡೇ ತಣ್ಣನೆಯ ಬೀನ್ಸು ತಿಂದು ಹೋಗುತ್ತಿದ್ದ.

“ಅಪ್ಪ, ಒಂದ್ಸಲ ಸಾರಿ ಅಂದ್ಬಿಡು,” ಎಂದಳು ಕಾರ್ಲಿ.

“ಯಾವುದಕ್ಕೆ? ಪಕ್ಕದವರದ್ದು ಕಿತ್ತು ನಮ್ಮದು ಬಿಟ್ರೆ ನಾಳೆ ನಂಗೆ ಕೆಲಸ ಇರುತ್ತಾ?”

“ಹಾಗಾದ್ರೆ ಬೀನ್ಸ್ ತಿನ್ನು.”

ಅಕ್ಟೋಬರಿನ ಮೊದಲ ವಾರಗಳು ಹೀಗೇ ಹೋದವು. ಜನೆಲ್ ಕೆಲಸ ಮುಗಿಸಿ ಮನೆಮನೆ ಬಾಗಿಲು ತಟ್ಟಲು ಹೋಗುತ್ತಿದ್ದಳು. ಪಾತ್ರೆ ತೊಳೆಯುವುದು ಗೆರ್ಡಾಳ ಪಾಲಿಗೆ ಬಂತು, ಅವಳು ಸದ್ದು ಮಾಡುತ್ತಾ ತೊಳೆದಳು. ಒಂದು ಗುರುವಾರ ಶಾಲೆಯಲ್ಲಿ ಮಾಡುವ ಹಾಗೆ ಖಾರದ ಬೀನ್ಸ್ ಮಾಂಸದ ಸಾರು, ಜೊತೆಗೆ ದಾಲ್ಚಿನ್ನಿ ರೊಟ್ಟಿಸುರುಳಿ ಆಗಿತ್ತು. ಹಾಗೆ ಮಾಡಿದ ದಿನ ನಮ್ಮ ಮನೆಯಲ್ಲಿ ಜಗಳ ಆಗುವುದಿಲ್ಲ. ಆ ದಿನ ಜಗಳವೂ ಆಗಲಿಲ್ಲ, ಮಾತೂ ಆಗಲಿಲ್ಲ.

ಮರುದಿನ ಮಧ್ಯಾಹ್ನ ಜನೆಲ್ ಮತ್ತು ನಾನು ಹಿತ್ತಲ ಮೆಟ್ಟಿಲಲ್ಲಿ ಕುಳಿತು ಸೇಬು ಹೆಚ್ಚುತ್ತಿದ್ದೆವು.

“ಮಾಮ, ನೀವ್ಯಾಕೆ ಯಾವಾಗ್ಲೂ ಸುಮ್ನಿರ್ತೀರಿ?” ಎಂದಳು.

“ಹೇಳೋಕೆ ಏನಿದೆ?”

“ಏನಾದ್ರೂ ಇರುತ್ತೆ. ಎಂಬತ್ತು ವರ್ಷದಲ್ಲಿ ಏನೂ ಕೂಡಿಸಿಟ್ಟಿಲ್ವಾ?”

ಆಗ ನಾನು ಹೇಳಿದೆ. ಹೇಳಬಾರದಿತ್ತೋ, ಮೊದಲೇ ಹೇಳಬೇಕಿತ್ತೋ, ಈಗಲೂ ಗೊತ್ತಿಲ್ಲ. ಅರವತ್ತೊಂದನೇ ಇಸವಿಯಲ್ಲಿ ಮೂರನೇ ಬೀದಿಯನ್ನು ಅಗಲ ಮಾಡುತ್ತೇವೆಂದು ಊರಿನವರು ಎರಡೂ ಬದಿಯಿಂದ ಎಂಟೆಂಟು ಅಡಿ ಊರಿನ ಹೆಸರಿಗೆ ಬರೆಸಿಕೊಂಡರು. ನಾನು ಆಗ ಹದಿನೆಂಟರವನು, ರಸ್ತೆ ಕೆಲಸದಲ್ಲಿ ಕೂಲಿಗೆ ಇದ್ದೆ. ಅಳತೆಯವನ ಟೇಪಿನ ತುದಿ ಹಿಡಿದವನು ನಾನೇ. ಮನೆಮನೆಗೂ ಹೊಸ ಗಡಿಯಲ್ಲಿ ಕಬ್ಬಿಣದ ಗೂಟ ಹೊಡೆದೆವು. ಆಮೇಲೆ ಊರಲ್ಲಿ ದುಡ್ಡು ಮುಗಿದು ರಸ್ತೆ ಅಗಲವಾಗಲಿಲ್ಲ. ಕಾಲುದಾರಿ ಇದ್ದಲ್ಲೇ ಉಳಿಯಿತು, ಗೂಟಗಳ ಮೇಲೆ ಹುಲ್ಲು ಬೆಳೆಯಿತು. ಬರೆಸಿಕೊಂಡ ಜಾಗವನ್ನು ಯಾರೂ ವಾಪಸು ಕೊಡಲಿಲ್ಲ, ಕೇಳಲೂ ಇಲ್ಲ. ಗೆರ್ಡಾ ಮತ್ತು ಅವಳ ಗಂಡ ಆರಿನ್ ಆ ಮನೆ ಕೊಂಡದ್ದು ಒಂಬತ್ತು ವರ್ಷದ ಮೇಲೆ.

“ಗೂಟ ಎಲ್ಲಿದೆ?”

“ಲೈಲಾಕ್ ಪೊದೆ ಬುಡದಲ್ಲಿ. ಜಗಲಿ ಮೆಟ್ಟಿಲ ಹತ್ರ.”

ಜನೆಲ್ ಚಾಕು ಹಿಡಿದ ಕೈಯಲ್ಲೇ ಲೆಕ್ಕ ಹಾಕಿದಳು. “ಅಂದ್ರೆ ವೆಂಡೆಲ್ ಬೋರ್ಡು…”

“ಊರಿನ ಜಾಗದಲ್ಲಿದೆ. ಬೀದಿಯ ಎಲ್ಲಾ ಬೋರ್ಡೂ.”

ಸಂಜೆ ಅವಳು ಗಂಡನಿಗೆ ಹೇಳಿದಳು. ಎರಡು ವಾರದ ಮೇಲೆ ಅವನೊಡನೆ ಆಡಿದ ಮೊದಲ ಮಾತು ಅದು. ಕರ್ಟಿಸ್ ನಂಬಲಿಲ್ಲ. ಶನಿವಾರ ಕಬ್ಬಿಣದ ಸರಳು ತಂದು ಲೈಲಾಕ್ ಬುಡದಲ್ಲಿ ಚುಚ್ಚಿ ನೋಡಿದ. ಮೂರನೇ ಸಲಕ್ಕೆ ಟಣ್ ಎಂದಿತು. ಸೋಮವಾರ ಕಚೇರಿಯ ಹಳೆಯ ನಕ್ಷೆ ತೆಗೆಸಿ ನೋಡಿದ. ಆಮೇಲೆ ಗಾಡಿ ತಂದು ಬೀದಿಯ ಆ ತುದಿಯಿಂದ ಶುರುಮಾಡಿದ. ವೆಂಡೆಲ್‌ನವು, ಶಾಲಾ ಮಂಡಳಿಯವರವು, ಚರ್ಚಿನ ಕುಂಬಳಕಾಯಿ ಮಾರಾಟದ್ದು, ಜನೆಲ್ ನಮ್ಮ ಕಡೆಯವಳು ಎಂದು ಅವಳ ಹೆಸರಿಟ್ಟುಕೊಂಡಿದ್ದ ನಾಲ್ಕು ಮನೆಯವು, ಎಲ್ಲ ಸೇರಿ ಮೂವತ್ತೊಂದು. ಜನ ಬಾಗಿಲಿಗೆ ಬಂದು ಬೈದರು. ಅವನು ಎಲ್ಲರಿಗೂ ನಕ್ಷೆಯ ನಕಲು ತೋರಿಸಿದ. ಕೊನೆಗೆ ನಮ್ಮ ಅಂಗಳಕ್ಕೆ ಬಂದ.

ಗೆರ್ಡಾ ಪಾತ್ರೆ ಒರೆಸುವ ಬಟ್ಟೆ ಹಿಡಿದೇ ಜಗಲಿಗೆ ಬಂದಳು. “ಅದನ್ನ ಮುಟ್ಬೇಡ ಕರ್ಟಿಸ್.”

“ಊರಿನ ಜಾಗ ಅಮ್ಮ.”

“ಕಾಲುದಾರಿವರೆಗೂ ನಂದು. ಐವತ್ಮೂರು ವರ್ಷದಿಂದ ನಂದು.”

ಅವನು ಅವಳನ್ನು ಕೈ ಹಿಡಿದು ಇಳಿಸಿ ಲೈಲಾಕಿನ ಹತ್ತಿರ ಕರೆದುಕೊಂಡು ಬಂದ. ಮಣ್ಣು ಸರಿಸಿ ಗೂಟದ ತಲೆ ತೋರಿಸಿದ. ತುಕ್ಕು ಹಿಡಿದು ಹೆಬ್ಬೆರಳಿನಷ್ಟು ಕಾಣುತ್ತಿತ್ತು. ಗೆರ್ಡಾ ಗೂಟ ನೋಡಿದಳು, ಮೇಪಲ್ ಮರ ನೋಡಿದಳು. ಕರ್ಟಿಸ್ ಹುಟ್ಟಿದ ವರ್ಷ ಆರಿನ್ ನೆಟ್ಟ ಮರ ಅದು. ಅದರ ಕೊಂಬೆ ಕಡಿಯಲು ಬಂದ ಪುರಸಭೆಯವರನ್ನು ಅವಳು ಎರಡು ಸಲ ಪೊರಕೆ ಹಿಡಿದು ಓಡಿಸಿದ್ದಳು.

“ಮರಾನೂ ಊರಿಂದಾ?”

“ಊರಿಂದೇ.”

ಅವಳು ಜಗಲಿಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. “ಆನ್ಸೆಲ್, ನಿಂಗೆ ಗೊತ್ತಿತ್ತು. ಆರಿನ್ ಇಲ್ಲಿ ಗುಂಡಿ ತೋಡಿದಾಗ ನೀನು ಸಲಿಕೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ.”

“ನಿಂತಿದ್ದೆ. ಅವನು ಖುಷೀಲಿದ್ದ. ಹೇಳ್ಬೇಕು ಅನ್ನಿಸ್ಲಿಲ್ಲ.”

“ಈಗ ಅನ್ನಿಸ್ತಾ?”

ಕರ್ಟಿಸ್ ಹಸಿರು ಫಲಕ ಕಿತ್ತು ಗಾಡಿಗೆ ಹಾಕಿದ. ಆ ದಿನ ಗೆರ್ಡಾ ಊಟಕ್ಕೆ ಬರಲಿಲ್ಲ. ಮಾರನೆಯ ದಿನ ಅವನ ಡಬ್ಬಿಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇತ್ತು.

ಆ ವಾರ ಜನೆಲ್ ಒಪ್ಪಿಗೆಯ ಚೀಟಿ ಹಿಡಿದು ಅತ್ತೆಯ ಮುಂದೆ ನಿಂತಳು. ಗೆರ್ಡಾ ಮೇಜಿನ ಮೇಲೆ ಬಟ್ಟೆ ಮಡಿಸುತ್ತಿದ್ದಳು.

“ಅತ್ತೆ, ಗೂಟಕ್ಕೂ ಮೆಟ್ಟಿಲಿಗೂ ಮಧ್ಯೆ ಒಂದು ಬೋರ್ಡಿಗಾಗೋಷ್ಟು ಜಾಗ ಇದೆ. ಅದು ನಿಮ್ಮದೇ. ಸಹಿ ಹಾಕ್ತೀರಾ?”

“ಈಗ ಕೇಳ್ತೀಯಾ?”

“ಈಗ ಕೇಳ್ತಿದೀನಿ.”

“ಅರ್ಜಿ ಕೊಡೋ ಮುಂಚೆ, ಈ ಮೇಜಲ್ಲಿ ಕೂತು ಕೇಳ್ಬೇಕಿತ್ತು. ಡ್ರೈಯರ್ ಕೆಳಗೆ ಕೂತು ಊರಿನವರ ಬಾಯಲ್ಲಿ ಕೇಳಿಸ್ಕೊಂಡೆ ನಾನು.”

“ಕೇಳಿದ್ರೆ ಏನಂತಿದ್ರಿ?”

“ಬೇಡ ಅಂತಿದ್ದೆ.”

“ಮತ್ತೆ?”

“ಆದ್ರೂ ಕೇಳ್ಬೇಕಿತ್ತು.”

ಜನೆಲ್ ಚೀಟಿಯನ್ನು ಮಡಿಸಿದ ಟವಲುಗಳ ಮೇಲಿಟ್ಟು ಹೋದಳು. ಗೆರ್ಡಾ ಅದನ್ನು ಹರಿಯಲಿಲ್ಲ, ಸಹಿಯೂ ಹಾಕಲಿಲ್ಲ. ಅಡುಗೆಯ ವಿಧಾನ ಬರೆದ ಚೀಟಿಗಳನ್ನಿಡುವ ತಗಡಿನ ಪೆಟ್ಟಿಗೆಯೊಳಗೆ ಸೇರಿಸಿದಳು. ಮನೆ ಮುಂದೆ ಯಾರ ಹೆಸರೂ ಇಲ್ಲದೆ ಅಕ್ಟೋಬರ್ ಮುಗಿಯಿತು. ಮೇಪಲ್ ಎಲೆ ಉದುರಿಸಿತು. ಗೆರ್ಡಾ ಆ ವರ್ಷ ಎಲೆ ಗುಡಿಸಲಿಲ್ಲ. “ಊರಿನ ಎಲೆ, ಊರಿನವರು ಗುಡಿಸ್ಲಿ” ಅಂದಳು. ಊರಿನವನಾದ ಕರ್ಟಿಸ್ ಗುಡಿಸಿದ.

ನವೆಂಬರ್ ಏಳು, ಮಂಗಳವಾರ, ಮತದಾನ. ನಾಲ್ವರೂ ಬೇರೆಬೇರೆ ಹೊತ್ತಿಗೆ ಹೋಗಿ ಬಂದೆವು. ಜನೆಲ್ ಹನ್ನೊಂದು ಮತದಿಂದ ಸೋತಳು.

ಬುಧವಾರ ಬೆಳಿಗ್ಗೆ ಅವಳು ಎಂದಿನಂತೆ ಐದೂವರೆಗೆ ಎದ್ದು ಓಟ್ಸ್ ಗಂಜಿ ಕಾಯಿಸಿದಳು. ಗೆರ್ಡಾ ಬಂದು ಕುಳಿತಳು.

“ನಾನು ವೆಂಡೆಲ್‌ಗೆ ಹಾಕಿದೆ. ಬೋರ್ಡ್ ಒಬ್ಬರದ್ದಿಟ್ಟು ಓಟು ಇನ್ನೊಬ್ಬರಿಗೆ ಹಾಕೋಳಲ್ಲ ನಾನು.”

“ಗೊತ್ತು ಅತ್ತೆ. ಸಕ್ಕರೆ?”

“ಒಂದು ಚಮಚ. ಹಳೆ ಶಾಲೆ ಕಟ್ಟಡದಲ್ಲಿ ವಯಸ್ಸಾದವರಿಗೆ ಕೋಣೆ ಮಾಡಿದಾರಲ್ಲ, ಹದಿನಾಲ್ಕನೇದು ಖಾಲಿ ಇದೆ. ಹೋಗ್ತೀನಿ.”

ಕರ್ಟಿಸ್ ಚಮಚ ಕೆಳಗಿಟ್ಟ. “ಅಮ್ಮ, ಒಂದು ಬೋರ್ಡಿಗಾಗಿ…”

“ಬೋರ್ಡಿಗಲ್ಲ. ಮಂಡಿಗೆ. ಮೆಟ್ಟಿಲು ಹತ್ತೋಕಾಗಲ್ಲ ಅಂತ ಎರಡು ವರ್ಷದಿಂದ ಹೇಳ್ತಿದೀನಿ, ನೀವ್ಯಾರೂ ಕಿವಿಗೆ ಹಾಕ್ಕೊಂಡಿಲ್ಲ.” ಅವಳು ಗಂಜಿ ಕಲಕಿದಳು. “ಬೋರ್ಡಿಗೂ ಸ್ವಲ್ಪ ಹೌದು. ಒಂದು ಅಂಗಳಕ್ಕೆ ಇಬ್ಬರು ಯಜಮಾನಿಯರು ಸಾಕಾಯ್ತು. ವಕೀಲರಿಗೆ ಹೇಳಿದೀನಿ. ಮನೆ ನಿಮ್ಮಿಬ್ಬರ ಹೆಸರಿಗೆ. ಇಬ್ಬರದ್ದೂ ಅಂತ ಎರಡು ಸಲ ಹೇಳಿ ಬರೆಸಿದೀನಿ.”

ಒಲೆಯ ಮೇಲೆ ಗಂಜಿ ತಳ ಹಿಡಿಯುವ ವಾಸನೆ ಬಂತು. ಜನೆಲ್ ಎದ್ದು ಆರಿಸಿದಳು.

“ಹೋಗೋ ಮುಂಚೆ ಸೇಲ್ ಮಾಡ್ಬೇಕು,” ಎಂದಳು ಗೆರ್ಡಾ. “ಆರಿನ್ ಹತಾರ, ಎರಡು ಮಂಚ, ಉಪ್ಪಿನಕಾಯಿ ಜಾಡಿಗಳು. ಜನೆಲ್, ನಿನ್ನ ಅಕ್ಷರ ದೊಡ್ಡದಾಗಿ ಕಾಣುತ್ತೆ, ಬೋರ್ಡ್ ನೀನು ಬರಿ. ಆ ನಡೀನ್‌ಗೂ ಹೇಳು, ಗಾಲಿಮನೆಯವರು ಯಾರ್ಯಾರಿದಾರೋ ಎಲ್ಲರೂ ಸಾಮಾನು, ಮೇಜು ತಂದು ನಮ್ಮ ಗ್ಯಾರೇಜಲ್ಲಿ ಹಾಕ್ಲಿ. ಸೇಲು ಈ ಮನೇಲೇ ಆದ್ರೆ ಬೋರ್ಡೂ ಈ ಮನೇಲೇ ಇರ್ಬಹುದಲ್ಲ ಕರ್ಟಿಸ್?”

ಕರ್ಟಿಸ್ ಯೋಚಿಸಿದ. “ಇರ್ಬಹುದು.”

ಜನೆಲ್ ಸೌಟು ಹಿಡಿದು ನಿಂತುಬಿಟ್ಟಿದ್ದಳು. “ಅತ್ತೆ, ಇದನ್ನ ಆಗಸ್ಟಲ್ಲೇ ಹೇಳ್ಬಹುದಿತ್ತಲ್ಲ?”

“ಆಗಸ್ಟಲ್ಲಿ ನೀನು ನನ್ನ ಕೇಳ್ಲಿಲ್ಲ.”

ಕಾರ್ಲಿ ಮೊದಲು ನಕ್ಕಳು. ಆಮೇಲೆ ಜನೆಲ್ ಸೌಟು ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ನಾನು ನೋಡಲಿಲ್ಲ.

ಸೇಲು ಆ ಶುಕ್ರವಾರ, ಶನಿವಾರ ನಡೆಯಿತು. ಗಾಲಿಮನೆಗಳಿಂದ ಏಳು ಹೆಂಗಸರು ಬಂದರು. ಗೆರ್ಡಾ ಮಡಚುವ ಕುರ್ಚಿಯಲ್ಲಿ ಕುಳಿತು ಎಲ್ಲರ ಸಾಮಾನಿಗೂ ಬೆಲೆ ಹೇಳಿದಳು, ನಡೀನ್‌ಳ ಮಗುವಿನ ತೊಟ್ಟಿಲನ್ನು ಅವಳು ಕೇಳಿದ್ದಕ್ಕಿಂತ ಹೆಚ್ಚಿಗೇ ಮಾರಿಕೊಟ್ಟಳು. ವೆಂಡೆಲ್ ಬಂದು ಆರಿನ್‌ನ ಕೈಗರಗಸ ಕೊಂಡು, ಜನೆಲ್‌ಗೆ ಟೋಪಿ ತೆಗೆದು ವಂದಿಸಿ ಹೋದ. ಗೂಟಕ್ಕೂ ಮೆಟ್ಟಿಲಿಗೂ ನಡುವಿನ ಜಾಗದಲ್ಲಿ ಜನೆಲ್ ಬರೆದ ಫಲಕ ಎರಡು ದಿನ ನಿಂತಿತ್ತು. ಶನಿವಾರ, ನಿಯಮದಲ್ಲಿರುವಂತೆ ಸೂರ್ಯ ಮುಳುಗುವ ಮುಂಚೆ, ಅದನ್ನು ಅವಳೇ ಕಿತ್ತಳು. ಕರ್ಟಿಸ್ ಗಡಿಯಾರ ನೋಡಿ ತಲೆಯಾಡಿಸಿದ.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಿಕಪ್‌ನಲ್ಲಿ ಗೆರ್ಡಾಳ ಕುರ್ಚಿ, ಹೊಲಿಗೆ ಯಂತ್ರ, ಎರಡು ಪೆಟ್ಟಿಗೆ ಏರಿಸಿದೆವು. ಅಡುಗೆಯ ತಗಡಿನ ಪೆಟ್ಟಿಗೆಯನ್ನು ಅವಳು ಒಲೆಯ ಪಕ್ಕದಲ್ಲೇ ಬಿಟ್ಟಳು. ಒಳಗೆ ಆ ಚೀಟಿ ಸಹಿಯಾಗಿ ಇತ್ತು ಎಂದು ಜನೆಲ್ ಆಮೇಲೆ ತೋರಿಸಿದಳು. ಯಾವ ದಿನ ಸಹಿ ಹಾಕಿದಳೋ, ತಾರೀಖು ಬರೆದಿರಲಿಲ್ಲ.

ನೀರಿನ ಟ್ಯಾಂಕಿನ ಹತ್ತಿರ ಗೆರ್ಡಾ ಕರ್ಟಿಸನಿಗೆ ಗಾಡಿ ನಿಲ್ಲಿಸಲು ಹೇಳಿದಳು. “ವೆಂಡೆಲ್ ಬೋರ್ಡ್ ಇನ್ನೂ ಇಲ್ಲೇ ಇದೆಯಲ್ಲ. ಒಪ್ಪಿಸಿ ಬರ್ಬೇಕು ಅವನಿಗೆ.”

ಶನಿವಾರ ರಜೆ. ಕರ್ಟಿಸ್ ಬೀಗ ತೆಗೆದು, ಫಲಕ ಹುಡುಕಿ ತಂದು, ಮೇಜಿನ ಹಿಂದೆ ಕುಳಿತು ಪುಸ್ತಕ ಬಿಚ್ಚಿದ. ನಾನು ಬಾಗಿಲಲ್ಲಿದ್ದೆ.

“ಹೆಸರು?”

“ಗೆರ್ಡಾ ಹಾರ್ಮ್ಸ್.”

“ವಿಳಾಸ?”

ಅವಳ ಬಾಯಿಗೆ ಮೂರನೇ ಬೀದಿ ಬಂದು ನಿಂತದ್ದು ನನಗೆ ಕಾಣಿಸಿತು. ಪೆನ್ನು ತಾನೇ ತೆಗೆದುಕೊಂಡು ಬಗ್ಗಿ, ಹಳೆ ಶಾಲೆ ಕಟ್ಟಡ, ಹದಿನಾಲ್ಕನೇ ಕೋಣೆ ಎಂದು ನಿಧಾನಕ್ಕೆ ಬರೆದಳು. ಆಮೇಲೆ ಪುಟ ಹಿಂದಕ್ಕೆ ತಿರುವಿ, ಸೆಪ್ಟೆಂಬರಿನ ಆ ಅರ್ಧ ಸಾಲು ಹುಡುಕಿ, ಜನೆಲ್ ಹಾರ್ಮ್ಸ್ ಎಂಬ ಹೆಸರಿನ ಮುಂದೆ ಮೂರನೇ ಬೀದಿಯ ಮನೆಯ ಸಂಖ್ಯೆ ತುಂಬಿದಳು.

ಗೆರ್ಡಾ ಮನೆ ಬಿಟ್ಟದ್ದು ಹೀಗೆ, ನವೆಂಬರ್ ಹದಿನೆಂಟು, ಶನಿವಾರ.